ಜೆರ್ಸಿಲಿ ಲಾನ್ ಪ್ಯಾಕೇಜಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ನ್ಯೂಜೆರ್ಸಿಲಿ ಹೊಸದಾಗಿ ಮನೆ ತಗೊಂಡಿರೋರೇ, ಯುಗಾದಿ ಹೊತ್ತಿಗೆ ಕೈಲೊಂದು ಟ್ಯಾಬ್ಲೆಟ್ ಹಿಡ್ಕೊಂಡು ಬಾಗಿಲು ಬಡಿಯೋ ಲಾನ್ ಕೇರ್ ಹುಡುಗರಿಗೆ ಸೈನ್ ಹಾಕಿ ಕೊಡಬೇಡಿ. ಮುಖ್ಯವಾಗಿ, ಒಂದೇ ಪ್ಯಾಕೇಜಲ್ಲಿ ಕ್ರ್ಯಾಬ್‌ಗ್ರಾಸ್ ಪ್ರಿವೆಂಟರೂ (ಆ ಹೆಸರಿನ ಕಳೆ ಹುಟ್ಟದ ಹಾಗೆ ಹಾಕೋ ಮದ್ದು) ಇದ್ದು ಸ್ಪ್ರಿಂಗಲ್ಲೇ ಹೊಸ ಬೀಜ ಹಾಕೋದೂ ಇದ್ರೆ ಅಲ್ಲಿಗೇ ಥ್ಯಾಂಕ್ಯೂ ಹೇಳಿ ಬಾಗಿಲು ಹಾಕಿ. ಯಾಕೆ ಅಂತ ಹೇಳ್ತೀನಿ.

ನಮ್ಮನೆಗೆ ಬಂದವನು ತುಂಬಾ ನಯವಾಗಿ ಮಾತಾಡ್ತಿದ್ದ. ಹಿತ್ತಲಲ್ಲಿ ಹುಲ್ಲು ಹೋಗಿ ಮಣ್ಣು ಕಾಣ್ತಿದ್ದ ಜಾಗ ಎಲ್ಲಾ ಫೋಟೋ ತೆಗ್ದ, ಏಪ್ರಿಲ್ಲಲ್ಲಿ ಕಳೆ ಬರದ ಹಾಗೆ ಮದ್ದು ಹಾಕ್ತೀವಿ, ಆಮೇಲೆ ಏರೇಷನ್ ಮಾಡಿ (ಅಂದ್ರೆ ಮಣ್ಣಲ್ಲಿ ಸಣ್ಣ ತೂತು ಮಾಡಿ) ಬೀಜ ಹಾಕ್ತೀವಿ, ಮೇ ಕೊನೇಲಿ ಬರೋ ಮೆಮೋರಿಯಲ್ ಡೇ ಹೊತ್ತಿಗೆ ಕಾರ್ಪೆಟ್ ಹಾಸಿದ ಹಾಗಿರತ್ತೆ ಅಂದ. ವರ್ಷದ್ದು ಪೂರ್ತಿ ಈಗಲೇ ಕಟ್ಟಿದ್ರೆ ಡಿಸ್ಕೌಂಟ್. ಆರುನೂರು ಡಾಲರ್ ಮೇಲೆ ಹೋಯ್ತು.

ಮದ್ದು ಹಾಕಿದ್ರು, ಬೀಜಾನೂ ಹಾಕಿದ್ರು, ನಾವು ಬೆಳಿಗ್ಗೆ ಸಂಜೆ ನೀರು ಬಿಟ್ಟಿದ್ದೇ ಬಿಟ್ಟಿದ್ದು, ವಾಟರ್ ಬಿಲ್ ನೋಡಿ ಎದೆ ಒಡೀತು, ಆದ್ರೆ ಹುಲ್ಲು ಮಾತ್ರ ಅಲ್ಲೊಂದು ಇಲ್ಲೊಂದು ಎಳೆ ತಲೆ ಎತ್ತಿ ಹಂಗೇ ಹಳದಿಯಾಗಿ ಸತ್ತು ಹೋಯ್ತು. ಫೋನ್ ಮಾಡಿದ್ರೆ ನೀರು ಸಾಲಲಿಲ್ಲ ಅಂದ್ರು. ಇನ್ನೊಂದು ಸಲ ಮಾಡಿದ್ರೆ ನಿಮ್ಮ ಮಣ್ಣಲ್ಲಿ ಗ್ರಬ್ (ಹುಲ್ಲಿನ ಬೇರು ತಿನ್ನೋ ದುಂಬಿ ಮರಿಹುಳ) ಇದೆ, ಅದಕ್ಕೆ ಬೇರೆ ಟ್ರೀಟ್ಮೆಂಟ್ ಆಗಬೇಕು, ಅದು ಪ್ಯಾಕೇಜಲ್ಲಿ ಬರಲ್ಲ, ಎಕ್ಸ್‌ಟ್ರಾ ಅಂದ್ರು.

ಆಗ ಅಪ್ಪ ಅಮ್ಮ ಊರಿಂದ ಬಂದಿದ್ರು. ಅಪ್ಪ ಅಡಿಕೆ ತೋಟದವರು, ದುಡ್ಡು ಕೊಟ್ಟು ಹುಲ್ಲು ಬೆಳೆಸ್ತಾರೆ ಅನ್ನೋದೇ ಅವರಿಗೆ ದೊಡ್ಡ ತಮಾಷೆ. ಗ್ರಬ್ ಫೋಟೋ ತೋರಿಸಿದ ತಕ್ಷಣ "ಇದು ಗೊಣ್ಣೆಹುಳ ಅಲ್ವೇನೋ" ಅಂದು ಗುದ್ದಲಿ ಇಸ್ಕೊಂಡು ಹೋಗಿ ಒಂದೊಂದು ಅಡಿ ಚೌಕ ಮೂರ್ನಾಲ್ಕು ಕಡೆ ಎಬ್ಬಿಸಿ ನೋಡಿದ್ರು. ಒಂದು ಹುಳಾನೂ ಇಲ್ಲ. ಹಳೇ ಹುಲ್ಲನ್ನ ಹಿಡಿದು ಎಳೆದ್ರೂ ಬರ್ತಿಲ್ಲ. "ಬೇರು ತಿಂದಿದ್ರೆ ಕೈಗೆ ಕಿತ್ತು ಬರಬೇಕಿತ್ತಲ್ಲ, ಇವರು ನಿಂಗೆ ಟೋಪಿ ಹಾಕ್ತಿದಾರೆ" ಅಂದ್ರು. ಹಾಗಂತ ಇಲ್ಲಿ ಗ್ರಬ್ ಇಲ್ಲ ಅಂತ ಅಲ್ಲ, ಜಪಾನೀಸ್ ಬೀಟಲ್ ಅನ್ನೋ ದುಂಬಿ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದೇ 1916ರಲ್ಲಿ ನಮ್ಮ ಜೆರ್ಸಿಯ ರಿವರ್ಟನ್ ಹತ್ರ, ಆದ್ರೆ ಆರೋಗ್ಯವಾಗಿರೋ ಹುಲ್ಲು ಚದರ ಅಡಿಗೆ ನಾಲ್ಕೈದು ಹುಳ ಇದ್ರೂ ತಡ್ಕೊಳ್ಳತ್ತೆ. ಅಗೆದು ತೋರಿಸದೇ ಗ್ರಬ್ ಅನ್ನೋರನ್ನ ನಂಬಬೇಡಿ.

ಆಮೇಲೆ ಬಾಗಿಲಿಗೆ ಸಿಗಿಸಿ ಹೋಗಿದ್ದ ಇನ್ವಾಯ್ಸ್ ಎಲ್ಲಾ ತೆಗೆದು ಓದಿದ್ವಿ. ಏಪ್ರಿಲ್ ಚೀಟಿಲಿ ಪ್ರೋಡಯಮೀನ್ ಅಂತಿತ್ತು. ಇದು ಪ್ರೀ-ಎಮರ್ಜೆಂಟ್, ಅಂದ್ರೆ ಬೆಳೆದ ಕಳೆನ ಕೊಲ್ಲಲ್ಲ, ಮಣ್ಣಿನ ಮೇಲ್ಪದರದಲ್ಲಿ ಕೂತು ಮೊಳಕೆಗೆ ಬೇರು ಬಿಡೋಕೆ ಬಿಡಲ್ಲ. ಕ್ರ್ಯಾಬ್‌ಗ್ರಾಸ್ ಮೊಳಕೆ ಯಾವುದು, ನಾವು ದುಡ್ಡು ಕೊಟ್ಟು ಹಾಕಿಸಿದ ಟಾಲ್ ಫೆಸ್ಕ್ಯೂ ಹುಲ್ಲಿನ ಮೊಳಕೆ ಯಾವುದು ಅಂತ ಅದಕ್ಕೇನು ಗೊತ್ತು? ಮೂರ್ನಾಲ್ಕು ತಿಂಗಳಾದ್ರೂ ಕೆಲಸ ಮಾಡ್ತಾನೇ ಇರತ್ತೆ. ಅಂದ್ರೆ ಮೊದಲ ರೌಂಡಲ್ಲಿ ವಿಷ, ಎರಡನೇ ರೌಂಡಲ್ಲಿ ಅದರ ಮೇಲೇ ಬೀಜ, ಎರಡಕ್ಕೂ ಬಿಲ್. ಮೀಸೋಟ್ರಯೋನ್ ಥರದ ಮದ್ದು ಬೇರೆ ಇದೆ, ಅದನ್ನ ಬೀಜದ ಜೊತೆಗೂ ಹಾಕಬಹುದು, ಆದ್ರೆ ಅವರು ಹಾಕಿದ್ದು ಅದಲ್ಲ. ಮ್ಯಾನೇಜರ್ ಹತ್ರ ಕೇಳಿದ್ರೆ "ನಿಮ್ಮ ಏರಿಯಾಗೆ ಇದೇ ಪ್ರೋಗ್ರಾಮ್ ಸರ್" ಅನ್ನೋ ಅರ್ಥದ್ದೊಂದು ಇಮೇಲ್, ಅಷ್ಟೇ.

ಮದ್ದು ಇಲ್ಲದಿದ್ರೂ ಇಲ್ಲಿ ಸ್ಪ್ರಿಂಗ್ ಬೀಜ ದಂಡಾನೇ ಅನ್ನಿ. ಇಲ್ಲಿನ ಫೆಸ್ಕ್ಯೂ, ರೈಗ್ರಾಸ್, ಬ್ಲೂಗ್ರಾಸ್ ಎಲ್ಲಾ ತಂಪಿನ ಹುಲ್ಲು, ಮೇ ತಿಂಗಳಲ್ಲಿ ಹುಟ್ಟಿದ್ದು ಬೇರು ಇಳಿಯೋ ಮುಂಚೆ ಜುಲೈ ಬಿಸಿಲು ಬಂದಿರತ್ತೆ. ಬೀಜ ಹಾಕೋದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಒಳಗೆ, ನಮ್ಮ ಲೆಕ್ಕದಲ್ಲಿ ಗಣೇಶನ ಹಬ್ಬದ ಆಸುಪಾಸು, ಮಣ್ಣು ಇನ್ನೂ ಬೆಚ್ಚಗಿರತ್ತೆ, ಗಾಳಿ ತಣ್ಣಗಾಗ್ತಿರತ್ತೆ, ಕಳೆ ಕಾಟಾನೂ ಕಮ್ಮಿ. (ಆ ಹಬ್ಬಕ್ಕೆ ನಾವು ಹುಡುಕ್ಕೊಂಡು ಹೋಗೋ ಗರಿಕೆನ ಇಲ್ಲಿನವರು ಬರ್ಮುಡಾ ಅಂತ ಕರೆದು ಕಳೆ ಅಂತ ಕಿತ್ತು ಬಿಸಾಕ್ತಾರೆ, ಅದು ಬೇರೆ ವಿಷ್ಯ.) ಜುಲೈಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಿದ್ರೆ ಗಾಬರಿ ಬೀಳಬೇಡಿ, ಬಹಳಷ್ಟು ಸಲ ಅದು ಮಲಗಿರತ್ತೆ ಅಷ್ಟೇ, ಆ ಟೈಮಲ್ಲಿ ಸತ್ತೋಗಿದೆ ಅಂತ ಹೆದರಿಸಿ ಗೊಬ್ಬರ ಮಾರೋರು ಬರ್ತಾರೆ.

ಗೊಬ್ಬರ ಅಂದಾಗ ನೆನಪಾಯ್ತು, ಜೆರ್ಸಿಲಿ 2011ರ ಕಾನೂನು ಪ್ರಕಾರ ಮಣ್ಣು ಟೆಸ್ಟ್ ಮಾಡಿಸದೇ ಬೆಳೆದಿರೋ ಲಾನಿಗೆ ಫಾಸ್ಫರಸ್ ಹಾಕೋ ಹಾಗಿಲ್ಲ. ಹೊಸ ಬೀಜ ಹಾಕೋವಾಗ ವಿನಾಯಿತಿ ಇದೆ. ನಮ್ಮ ಪ್ಯಾಕೇಜಲ್ಲಿದ್ದ "ಫ್ರೀ ಸಾಯಿಲ್ ಟೆಸ್ಟ್" ರಿಪೋರ್ಟ್ ಕೇಳಿದ್ರೆ ಇವತ್ತಿನವರೆಗೂ ಬಂದಿಲ್ಲ. ರಟ್ಗರ್ಸ್ ಯೂನಿವರ್ಸಿಟಿ ಲ್ಯಾಬಿಗೆ ನೀವೇ ಮಣ್ಣು ಕಳಿಸಬಹುದು, ಜಾಸ್ತಿ ಖರ್ಚೂ ಇಲ್ಲ.

ಈಗಾಗಲೇ ಸೈನ್ ಹಾಕಿದ್ರೆ: ಮನೆ ಬಾಗಿಲಲ್ಲಿ ಮಾಡಿದ 25 ಡಾಲರ್ ಮೇಲಿನ ವ್ಯಾಪಾರನ ಮೂರು ಬಿಸಿನೆಸ್ ಡೇ ಒಳಗೆ ಕ್ಯಾನ್ಸಲ್ ಮಾಡೋಕೆ ಫೆಡರಲ್ ರೂಲ್ ಇದೆ, ಆದ್ರೆ ಬರವಣಿಗೆಲೇ ಮಾಡಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಸಣ್ಣ ಅಕ್ಷರದಲ್ಲಿ ಆಟೋ ರಿನ್ಯೂವಲ್ ಇದೆಯಾ ನೋಡ್ಕೊಳ್ಳಿ. ನಮ್ಮದರಲ್ಲಿ ಇತ್ತು. ಚಳಿಗಾಲದಲ್ಲಿ ಮತ್ತೆ ಕಾರ್ಡಿಂದ ದುಡ್ಡು ಎಳ್ಕೊಂಡ್ರು, ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕಿದ್ಮೇಲೆ ಆ ಎರಡನೇ ವರ್ಷದ್ದು ವಾಪಸ್ ಬಂತು, ಮೊದಲನೇ ವರ್ಷದ್ದು ಹೋಗಿದ್ದು ಹೋಯ್ತು.