ಜಾಮ್ ಆದ ಯೆಜ್ಡಿ ಬಿಚ್ಚಿದ್ದು: ಡೀಸೆಲ್, ಮಿಶ್ರಣ, ಬೆಂಕಿ, ಸುತ್ತಿಗೆ – ಯಾವುದು ಎಲ್ಲಿ?

ಮಾವನ 1984ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಸಾಗರದ ಹತ್ತಿರದ ಊರಮನೆಯ ಕೊಟ್ಟಿಗೆಯಲ್ಲಿ 14 ಮಳೆಗಾಲ ಕಳೆದಿತ್ತು. ಯಾರೋ ಬಲಗಡೆಯ ಸೈಲೆನ್ಸರನ್ನು ಬೆಂಡ್ ಪೈಪ್ ಸಮೇತ ಬಿಚ್ಚಿಕೊಂಡು ಹೋಗಿದ್ದರು. ಆ ತೂತಿನಿಂದ ತೇವ ನೇರ ಸಿಲಿಂಡರ್‌ಗೆ ಇಳಿದಿದೆ. ಗೇರ್ ಲಿವರನ್ನೇ ಒಳಗೆ ಒತ್ತಿ, ಮೇಲೆತ್ತಿ, ಕಿಕ್ಕರ್ ಮಾಡಿ ತುಳಿದೆ. ಗೋಡೆಗೆ ಒದ್ದ ಹಾಗಾಯಿತು, ಪಿಸ್ಟನ್ ಜಾಮ್.

ಈ ಬೈಕ್ ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ಕಾಲದ ಒರಿಜಿನಲ್ ಕೇಸು (ಎಂಜಿನ್‌ನ ಹೊರಕವಚ), ಬ್ಯಾರಲ್ಲು (ಸಿಲಿಂಡರ್) ಒಡೆದರೆ ಅಂಥದ್ದೇ ಇನ್ನೊಂದು ಹುಡುಕಬೇಕು. ಅದಕ್ಕೇ ಬೇಗ ಬಿಚ್ಚೋದಕ್ಕಿಂತ ಏನೂ ಮುರಿಯದೆ ಬಿಚ್ಚೋದು ನನಗೆ ಮುಖ್ಯವಾಗಿತ್ತು. ಎರಡು ತಿಂಗಳಲ್ಲಿ ಒಂದೊಂದೇ ಉಪಾಯ ಮಾಡಿ ನೋಡಿದೆ.

ಮೊದಲು ಎಣ್ಣೆಗಳ ಪರೀಕ್ಷೆ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ನಾಲ್ಕು ಬೋಲ್ಟ್‌ಗಳೂ ಒಂದೇ ಥರ ತುಕ್ಕು ಹಿಡಿದಿದ್ದವು. ಒಂದಕ್ಕೆ ಡೀಸೆಲ್, ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಅಂಗಡಿಯ ಪೆನಿಟ್ರೇಟಿಂಗ್ ಸ್ಪ್ರೇ, ಇನ್ನೊಂದಕ್ಕೆ ಪವರ್ ಸ್ಟೀರಿಂಗ್‌ಗೆ ಹಾಕೋ ಕೆಂಪು ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಅರ್ಧ-ಅರ್ಧ ಬೆರೆಸಿದ್ದು. ದಿನಕ್ಕೆ ಎರಡು ಸಲ ಹಾಕಿ, ಬೋಲ್ಟ್ ತಲೆಗೆ ಹಗುರವಾಗಿ ನಾಲ್ಕು ಏಟು.

ಮೂರನೇ ದಿನ ಮಿಶ್ರಣ ಹಾಕಿದ್ದು ರಿಂಗ್ ಸ್ಪ್ಯಾನರ್‌ಗೆ ಕಿರ್ ಅಂತ ಸದ್ದು ಮಾಡಿ ಬಂತು. ಡೀಸೆಲ್‌ನದು ಸ್ಪ್ಯಾನರ್‌ಗೆ ಪೈಪ್ ತೊಡಿಸಿ ಎಳೆದ ಮೇಲೆ ಬಂತು. ಸ್ಪ್ರೇ ಬೇಗ ಒಣಗುತ್ತಿತ್ತು, ಐದನೇ ದಿನಕ್ಕೆ ಬಿಟ್ಟಿತು. ಸೀಮೆಎಣ್ಣೆಯದು ಬರಲೇ ಇಲ್ಲ. ಕೆಳಗಿನ ಬೋಲ್ಟ್‌ಗಳಿಗೆ ಕೆಸರು ಜಾಸ್ತಿ ಹಾರಿರುತ್ತೆ, ಅಲ್ವಾ? ಸೀಮೆಎಣ್ಣೆಗೆ ಸಿಕ್ಕಿದ್ದು ಕೆಳಗಿನದು. ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕಲ್ಲ. ಆದರೂ ಬೋಲ್ಟ್, ನಟ್‌ಗೆ ನನ್ನ ಮೊದಲ ಆಯ್ಕೆ ಈಗ ಮಿಶ್ರಣವೇ. ಒಂದೆರಡು ವಿಷಯ ನೆನಪಿರಲಿ. ಅಸಿಟೋನ್ ಮತ್ತು ಎಟಿಎಫ್ ಸರಿಯಾಗಿ ಬೆರೆಯಲ್ಲ, ಪ್ರತಿ ಸಲ ಬಾಟಲಿ ಕುಲುಕಿಯೇ ಹಾಕಬೇಕು. ಅಸಿಟೋನ್ ಪೇಂಟ್ ತಿನ್ನುತ್ತೆ, ಟ್ಯಾಂಕಿನ ಮೇಲೆ ಒಂದು ಹನಿಯೂ ಬೀಳಬಾರದು. ಬೆಂಕಿ ಹತ್ತಿರ ತರೋದಂತೂ ಬೇಡವೇ ಬೇಡ.

ಕೇಸ್ ಸ್ಕ್ರೂಗಳದ್ದು ಬೇರೆಯೇ ಕಥೆ. ಉಕ್ಕಿನ ಸ್ಕ್ರೂ, ಅಲ್ಯುಮಿನಿಯಂ ಕೇಸ್. ತೇವ ಸೇರಿದರೆ ಎರಡು ಲೋಹಗಳ ನಡುವೆ ಬಿಳಿ ಪುಡಿ ಕಟ್ಟಿಕೊಂಡು ಸಿಮೆಂಟ್ ಹಾಕಿದ ಹಾಗಾಗುತ್ತೆ. ಇಲ್ಲಿ ಎಣ್ಣೆ ಒಳಗೆ ಹೋಗಲು ದಾರಿಯೇ ಇರಲ್ಲ. ಬರೀ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ ಮೊದಲ ಸ್ಕ್ರೂನ ತಲೆಯ ಸೀಳು ಅರ್ಧ ಸವೆದುಹೋಯಿತು. ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಇಂಪ್ಯಾಕ್ಟ್ ಡ್ರೈವರ್ ತಂದೆ. ಸುತ್ತಿಗೆಯಿಂದ ಹೊಡೆದರೆ ಒಳಗೂ ಒತ್ತುತ್ತೆ, ಜೊತೆಗೇ ತಿರುಗುತ್ತೆ. ಬಿಟ್ ಆ ಸೀಳಿನಲ್ಲಿ ಬಿಗಿಯಾಗಿ, ಪೂರ್ತಿ ಅಗಲಕ್ಕೆ ಕೂರಬೇಕು, ಅದೇ ಮುಖ್ಯ. ಹಠ ಮಾಡಿದ ಎಂಟರಲ್ಲಿ ಐದು ಹಾಗೇ ಬಂದವು. ಉಳಿದ ಮೂರಕ್ಕೆ ಕೇಸನ್ನು ಹೀಟ್ ಗನ್‌ನಿಂದ, ನೀರು ಚಿಮುಕಿಸಿದರೆ ಚುರ್ ಅನ್ನುವಷ್ಟು ಕಾಯಿಸಿದೆ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಸ್ಕ್ರೂ ಸುತ್ತ ಜಾಗ ತೆರೆದುಕೊಂಡು ಎರಡು ಬಂದವು.

ಮೂರನೆಯದರ ತಲೆ ಕಿತ್ತುಬಂತು. ಅದರ ನಡುವೆ ಡ್ರಿಲ್ ಮಾಡಿ, ಮುರಿದ ಸ್ಕ್ರೂ ಕಚ್ಚಿ ತಿರುಗಿಸಿ ತೆಗೆಯುವ ಈಸಿ-ಔಟ್ ಹಾಕಿದೆ. ಅದೂ ಒಳಗೇ ಮುರಿಯಿತು! ಈಸಿ-ಔಟ್ ಗಟ್ಟಿ ಉಕ್ಕು, ಅದರ ಮೇಲೆ ಸಾದಾ ಡ್ರಿಲ್ ಬಿಟ್ ಹಿಡಿಯೋದೇ ಇಲ್ಲ. ಪೇಟೆಯ ವೆಲ್ಡಿಂಗ್ ಅಂಗಡಿಯವರು ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು, ಒಳಗೆ ವೆಲ್ಡ್ ತುಂಬಿದರು. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ-ಮುಂದೆ ಆಡಿಸುತ್ತಾ ತೆಗೆದರು. ಉಕ್ಕಿನ ವೆಲ್ಡ್ ಅಲ್ಯುಮಿನಿಯಂಗೆ ಅಂಟಲ್ಲ, ಕೇಸಿನ ತ್ರೆಡ್ ಹಾಗೇ ಉಳಿಯಿತು. ಇವೆರಡರಲ್ಲಿ ನನಗೆ ಅನುಮಾನವೇ ಇಲ್ಲ. ವೆಲ್ಡಿಂಗ್ ಹತ್ತಿರದಲ್ಲಿ ಸಿಗುವುದಾದರೆ ಈಸಿ-ಔಟ್ ಮುಟ್ಟಬೇಡಿ.

ಎಡಗಡೆಯ ಸೈಲೆನ್ಸರ್ ಬೆಂಡ್ ಹಿಡಿದಿಡುವ ರಿಂಗ್ ನಟ್‌ಗೆ ಉಳಿ ಇಟ್ಟು ಹೊಡೆಯೋದು ಗ್ಯಾರೇಜ್‌ಗಳಲ್ಲಿ ಮಾಮೂಲು. ಬ್ಯಾರಲ್‌ನ ತ್ರೆಡ್ ಹಾಳಾಗೋದೂ ಅಲ್ಲಿಂದಲೇ. ಇದಕ್ಕೆ ಸರಿಯಾದ ಹುಕ್ ಸ್ಪ್ಯಾನರ್ ಮಾಡಿಸಿಕೊಂಡೆ. ಗ್ಯಾಸ್ ಟಾರ್ಚ್‌ನಿಂದ ನಟ್ ಮಾತ್ರ ಕಾಯಿಸಿ, ಆರುತ್ತಾ ಬಂದಾಗ ಮೇಣದ ಬತ್ತಿ ಒತ್ತಿದೆ. ಮೇಣ ಕರಗಿ ತ್ರೆಡ್ ಒಳಗೆ ಎಳೆದುಕೊಂಡಿತು. ಹೀಗೆ ಮೂರನೇ ಸಲ ಮಾಡಿದಾಗ ಬಿಟ್ಟಿತು. ಆ ಟಾರ್ಚ್ ಹಚ್ಚುವ ಮೊದಲು ಟ್ಯಾಂಕ್, ಕಾರ್ಬ್ಯುರೇಟರ್ ಬಿಚ್ಚಿ ದೂರ ಇಟ್ಟಿದ್ದೆ.

ಇನ್ನು ಪಿಸ್ಟನ್. ಇಲ್ಲೂ ಕಾಯಿಸಿ ಬಿಡಿಸಿ ಅಂದವರೇ ಜಾಸ್ತಿ. ಆದರೆ ಇಲ್ಲಿ ಲೆಕ್ಕ ಉಲ್ಟಾ. ಪಿಸ್ಟನ್ ಅಲ್ಯುಮಿನಿಯಂ, ಬ್ಯಾರಲ್ ಬೀಡು ಕಬ್ಬಿಣ. 65 ಮಿಲಿಮೀಟರ್ ಬೋರ್‌ನಲ್ಲಿ (ಸಿಲಿಂಡರ್‌ನ ಒಳ ಅಗಲ) ಎರಡೂ ನೂರು ಡಿಗ್ರಿ ಬಿಸಿ ಏರಿದರೆ ಪಿಸ್ಟನ್ ಬೋರ್‌ಗಿಂತ ಒಂದು ಮಿಲಿಮೀಟರ್‌ನ ನೂರರಲ್ಲಿ ಆರೇಳು ಭಾಗ ಜಾಸ್ತಿ ಹಿಗ್ಗುತ್ತೆ. ಹಿಡಿತ ಇನ್ನೂ ಬಿಗಿಯಾಗುತ್ತೆ ಅಷ್ಟೆ. ಸ್ಪಾರ್ಕ್ ಪ್ಲಗ್ ತೂತಿನಿಂದ ಗ್ರೀಸ್ ಗನ್ ಒತ್ತಡ ಕೊಡುವ ಉಪಾಯವೂ ಇದೆ. ನನ್ನ ಪಿಸ್ಟನ್ ನಿಂತ ಜಾಗದಲ್ಲಿ ಪೋರ್ಟ್ (ಸಿಲಿಂಡರ್ ಗೋಡೆಯ ತೂತು) ಸ್ವಲ್ಪ ತೆರೆದಿತ್ತು, ಗ್ರೀಸೆಲ್ಲಾ ಅಲ್ಲಿಂದಲೇ ಹೋಗುತ್ತಿತ್ತು. ಅದನ್ನು ಕೈಬಿಟ್ಟೆ.

ಸಿಲಿಂಡರ್ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿ ನೋಡಿದೆ. ಬೋರ್ ಗೋಡೆಯಲ್ಲಿ ಕಂದು ಬಣ್ಣದ ತುಕ್ಕಿನ ಬಳೆ. ತೆರೆದ ಪೋರ್ಟ್‌ಗೆ ಬಟ್ಟೆ, ಗ್ರೀಸ್ ತುರುಕಿ ಮೊದಲು ಅದೇ ಮಿಶ್ರಣ ಸುರಿದೆ. ಬೆಳಿಗ್ಗೆ ಹೊತ್ತಿಗೆ ಅಸಿಟೋನ್ ವಾಸನೆಯೇ ಇರಲಿಲ್ಲ, ಆರಿಹೋಗಿತ್ತು. ವಾರಗಟ್ಟಲೆ ನೆನೆಸುವ ಕೆಲಸಕ್ಕೆ ಅಸಿಟೋನ್ ದಂಡ. ಅದನ್ನು ಬಿಟ್ಟು ಡೀಸೆಲ್‌ಗೆ ಎಟಿಎಫ್ ಬೆರೆಸಿ ತುಂಬಿದೆ. ಆರು ದಿನ ಮಟ್ಟ ಇಳಿಯಲಿಲ್ಲ. ಏಳನೇ ದಿನ ಬೆಳಿಗ್ಗೆ ನೋಡಿದರೆ ಒಂದು ಬೆರಳಷ್ಟು ಇಳಿದಿತ್ತು. ಪಿಸ್ಟನ್ ರಿಂಗ್‌ಗಳ ಪಕ್ಕದಲ್ಲಿ ದಾರಿ ಸಿಕ್ಕಿದೆ ಅಂತ ಗೊತ್ತಾಯಿತು.

ಬೋರ್ ಮೇಲ್ಭಾಗದ ತುಕ್ಕನ್ನು ಸಣ್ಣ ಎಮರಿ ಪೇಪರ್‌ನಿಂದ ಉಜ್ಜಿದೆ. ಬೋರ್‌ಗಿಂತ ಸ್ವಲ್ಪ ಸಣ್ಣಗೆ ಕಡೆಸಿದ ಮರದ ಕೊರಡು ಇಟ್ಟು ತಟ್ಟಿದೆ. ಜೋರಾಗಿ ಹೊಡೆದರೆ ಕನೆಕ್ಟಿಂಗ್ ರಾಡ್, ಬೇರಿಂಗ್‌ಗೆ ಪೆಟ್ಟು, ಅದಕ್ಕೇ ಹಗುರವಾಗಿ, ಸುತ್ತಲೂ. ಹತ್ತನೇ ದಿನ ಟಕ್ ಅನ್ನೋ ಶಬ್ದ ಬದಲಾಗಿ ಮಂದವಾಯಿತು. ಪಿಸ್ಟನ್ ಒಂದು ಕೂದಲೆಳೆ ಇಳಿದಿತ್ತು. ಆಮೇಲೆ ಕಿಕ್ಕರ್‌ನಿಂದ ನಿಧಾನಕ್ಕೆ ಹಿಂದೆ-ಮುಂದೆ. ಸಂಜೆಗೆ ಪೂರ್ತಿ ಸುತ್ತಿತು. ಮಾವ ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಒಳಗೆ ಬಂದು ತಾವೂ ಒಂದು ಸಲ ತುಳಿದರು.

ಬ್ಯಾರಲ್ ರೀಬೋರ್‌ಗೆ, ಅಂದರೆ ಒಳಗೋಡೆ ಮತ್ತೆ ಕೊರೆಸಲು ಹೋಗಿದೆ. ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್‌ನ ಪಿನ್ ಮಾತ್ರ ಯಾವುದಕ್ಕೂ ಜಗ್ಗಿಲ್ಲ. ಅದು ಉಕ್ಕಿನೊಳಗೆ ಉಕ್ಕು. ಮಿಶ್ರಣ ಹಾಕಿ ಇಟ್ಟಿದ್ದೇನೆ, ಮುಂದಿನ ಭಾನುವಾರ ಫ್ರೇಮ್ ಸಮೇತ ಹೈಡ್ರಾಲಿಕ್ ಪ್ರೆಸ್ ಇರುವ ವರ್ಕ್‌ಶಾಪ್‌ಗೆ ಒಯ್ಯಬೇಕು.