ಮಾನವ ಸಿಡಿ39 ಕಿಣ್ವದ ವಯಲ್: ಯಾರು ಕೊಳ್ಳಬೇಕು, ಎಲ್ಲಿ ಕೈಕೊಡುತ್ತದೆ

ಜೀವಕೋಶದ ಹೊರಗಿರುವ ಎಟಿಪಿಯನ್ನು (ಮೂರು ಫಾಸ್ಫೇಟ್ ಇರುವ ಅಣು) ಎಡಿಪಿಗೆ (ಎರಡು), ಅಲ್ಲಿಂದ ಎಎಂಪಿಗೆ (ಒಂದು) ಒಂದೊಂದೇ ಫಾಸ್ಫೇಟ್ ಕಳಚಿ ಇಳಿಸುವ ಕಿಣ್ವ ಸಿಡಿ39. ಕ್ಯಾಟಲಾಗ್‌ನಲ್ಲಿ ಇಎನ್‌ಟಿಪಿಡಿ1 ಎಂದು ಹುಡುಕಿದರೂ ಇದೇ ಸಿಗುತ್ತದೆ. 510 ಅಮೈನೋ ಆಮ್ಲಗಳ ಈ ಪ್ರೋಟೀನ್ ಎರಡೂ ತುದಿಗಳಿಂದ ಪೊರೆಗೆ ನಾಟಿಕೊಂಡಿರುತ್ತದೆ. ವಯಲ್‌ನಲ್ಲಿ ಬರುವುದು ಆ ತುದಿಗಳನ್ನು ಕತ್ತರಿಸಿ, ಸಾಮಾನ್ಯವಾಗಿ ಶುದ್ಧೀಕರಣಕ್ಕೆ ಹಿಡಿಯಾಗುವ ಹಿಸ್ಟಿಡೀನ್ ಬಾಲ ಜೋಡಿಸಿದ, ನೀರಿನಲ್ಲಿ ಕರಗುವ ನಡುಭಾಗ ಮಾತ್ರ. 10 ಮೈಕ್ರೋಗ್ರಾಂ ಎಂದರೆ ಕಣ್ಣಿಗೂ ಕಾಣದಷ್ಟು. ಬೆಲೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಮೊದಲು ಅಗತ್ಯ ಇದೆಯೇ ನೋಡಿ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ತೊಳೆಯುವಾಗ ಎಡಿಪಿ ತೆಗೆಯುವುದಷ್ಟೇ ಕೆಲಸವಾದರೆ ಇದೇ ಕೆಲಸ ಮಾಡುವ ಆಲೂಗಡ್ಡೆಯ ಕಿಣ್ವ ಅಪೈರೇಸ್ ಸಾಕು, ಅಗ್ಗವೂ ಹೌದು. ಸಿಡಿ39 ತಡೆಯುವ ಔಷಧವನ್ನೋ ಆ್ಯಂಟಿಬಾಡಿಯನ್ನೋ ಪರೀಕ್ಷಿಸುವವರಿಗೆ ಮಾತ್ರ ಮಾನವ ಕಿಣ್ವವೇ ಬೇಕು. ಹತ್ತಿರದ ಸಂಬಂಧಿ ಇಎನ್‌ಟಿಪಿಡಿ2 ಅನ್ನು ಇದರ ಬದಲಿಗೆ ತರಬೇಡಿ. ಅದು ಎಟಿಪಿಯನ್ನು ಒಡೆದು ಎಡಿಪಿಯಲ್ಲೇ ಬಹುಪಾಲು ನಿಲ್ಲುತ್ತದೆ, ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವುದು ಆ ಎಡಿಪಿಯೇ.

ಚೀಟಿಯಲ್ಲಿನ ಚಟುವಟಿಕೆಯ ಅಂಕಿ ನೋಡಿ ಮರುಳಾಗಬೇಡಿ. ಮೈಕ್ರೋಗ್ರಾಂಗೆ ನಿಮಿಷಕ್ಕೆ 50,000 ಪಿಕೋಮೋಲ್ ಅಂದರೂ ಮಿಲಿಗ್ರಾಂಗೆ 50 ಯೂನಿಟ್ (ಒಂದು ಯೂನಿಟ್ ಎಂದರೆ ನಿಮಿಷಕ್ಕೆ 1 ಮೈಕ್ರೋಮೋಲ್) ಅಂದರೂ ಒಂದೇ. ಅಪೈರೇಸ್‌ನ ಯೂನಿಟ್ ಜೊತೆ ನೇರವಾಗಿ ಹೋಲಿಸುವಂತೆಯೂ ಇಲ್ಲ. ಅದನ್ನು ಹೆಚ್ಚಾಗಿ ಪಿಎಚ್ 6.5, 30 ಡಿಗ್ರಿಯಲ್ಲಿ ಅಳೆದಿರುತ್ತಾರೆ.

ಈ 50 ಯೂನಿಟ್ ಲೆಕ್ಕದಲ್ಲೇ ಒಂದು ಪ್ರಯೋಗ ಹಾಕೋಣ. ಬಫರ್: 25 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5, ಜೊತೆಗೆ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್. ಅದರಲ್ಲಿ 1 ನ್ಯಾನೋಗ್ರಾಂ ಕಿಣ್ವವಿರುವ 25 ಮೈಕ್ರೋಲೀಟರ್‌ಗೆ 400 ಮೈಕ್ರೋಮೋಲಾರ್ ಎಟಿಪಿ 25 ಮೈಕ್ರೋಲೀಟರ್ ಸೇರಿಸಿ. ಹತ್ತು ನಿಮಿಷಕ್ಕೆ 500 ಪಿಕೋಮೋಲ್ ಫಾಸ್ಫೇಟ್, ಅಂದರೆ 10 ಮೈಕ್ರೋಮೋಲಾರ್ ಬರಬೇಕು. ಆಮೇಲೆ ಫಾಸ್ಫೇಟ್ ಸಿಕ್ಕರೆ ಹಸಿರಾಗುವ ಮ್ಯಾಲಕೈಟ್ ಗ್ರೀನ್ ದ್ರಾವಣ ಹಾಕಿ, ಅದರ ಆಮ್ಲವೇ ಕ್ರಿಯೆಯನ್ನು ನಿಲ್ಲಿಸುತ್ತದೆ. 620 ನ್ಯಾನೋಮೀಟರ್‌ನಲ್ಲಿ ಓದಿ. ಆ ಆಮ್ಲದಲ್ಲಿ ಎಟಿಪಿ ತಾನಾಗಿಯೂ ನಿಧಾನಕ್ಕೆ ಒಡೆಯುವುದರಿಂದ ಪ್ಲೇಟಿನ ಎಲ್ಲ ಬಾವಿಗಳಿಗೂ (ಗುಳಿಗಳಿಗೂ) ಕಾಯುವ ಹೊತ್ತು ಒಂದೇ ಇರಲಿ. ಖಾಲಿ ಮಾದರಿಗೆ ಕಿಣ್ವವನ್ನು ಬಣ್ಣ ಹಾಕಿದ ಮೇಲೆ ಸೇರಿಸಿ.

"ಕಿಣ್ವ ಸತ್ತಿದೆ" ಎಂಬ ದೂರುಗಳ ಬೇರು ಬಹುಪಾಲು ಇಲ್ಲೇ ಇದೆ. ಮಿಲಿಲೀಟರ್‌ಗೆ 0.04 ಮೈಕ್ರೋಗ್ರಾಂನಷ್ಟು ತೆಳುವಾದ ದ್ರಾವಣದಲ್ಲಿ ಪ್ರೋಟೀನ್ ಟ್ಯೂಬ್‌ನ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಬಿಎಸ್‌ಎ (ಹಾಗೆ ಅಂಟದಂತೆ ಕಾಯುವ, ಹಸುವಿನ ರಕ್ತದ ಪ್ರೋಟೀನ್) ಬೆರೆಸದ ವಯಲ್ ಕೊಂಡವರು ಪ್ರೋಟೀನ್ ಅಂಟದ ಟ್ಯೂಬ್ ಬಳಸಿ, ಬಫರ್‌ಗೆ 0.01 ಶೇಕಡಾ ಬ್ರಿಜ್-35 ಡಿಟರ್ಜೆಂಟ್ ಹಾಕಬೇಕು. ಬಿಎಸ್‌ಎಯನ್ನೇ ಹಾಕುವುದಾದರೆ ಕಡಿಮೆ ಹಾಕಿ. ಹೆಚ್ಚಾದರೆ ಮ್ಯಾಲಕೈಟ್ ಬೆರೆಸಿದಾಗ ಮಬ್ಬು ಕಟ್ಟುತ್ತದೆ.

ಎರಡನೇ ಕಳ್ಳ ಪಿಬಿಎಸ್, ಅಂದರೆ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಫಾಸ್ಫೇಟ್ ಉಪ್ಪುನೀರಿನ ಬಫರ್. ಅದರಲ್ಲಿರುವ ಫಾಸ್ಫೇಟ್ ಸುಮಾರು 10 ಮಿಲಿಮೋಲಾರ್, ನೀವು ಅಳೆಯಹೊರಟಿದ್ದಕ್ಕಿಂತ ಸಾವಿರ ಪಟ್ಟು. ಸಾಲದ್ದಕ್ಕೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ ಕೂರಿಸುತ್ತದೆ. ಸೋಪಿನಲ್ಲಿ ತೊಳೆದ ಗಾಜಿನ ಸಾಮಾನು, ಹಳೆಯ ಎಟಿಪಿ ದ್ರಾವಣ ಕೂಡ ಫಾಸ್ಫೇಟ್ ತರುತ್ತವೆ.

ಹೊಸ ಬ್ಯಾಚ್ ಬಂದಾಗ ಮೂರು ಬಾವಿ ಹೆಚ್ಚಿಗೆ ಹಾಕಿ. ಎಡಿಪಿ ಕೊಟ್ಟರೆ ಚಟುವಟಿಕೆ ಎಟಿಪಿಯ ಆಸುಪಾಸಿನಲ್ಲಿರಬೇಕು. ಕ್ಯಾಲ್ಸಿಯಂಗಿಂತ ಹೆಚ್ಚು ಇಡಿಟಿಎ (ಕಿಣ್ವಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಡುವ ರಾಸಾಯನಿಕ) ಹಾಕಿದರೆ ಪೂರ್ತಿ ನಿಲ್ಲಬೇಕು. ಎಎಂಪಿ ಕೊಟ್ಟರೆ ಏನೂ ಬರಬಾರದು, ಎಎಂಪಿ ಒಡೆಯುವುದು ಸಿಡಿ73 ಎಂಬ ಇನ್ನೊಂದು ಕಿಣ್ವದ ಕೆಲಸ. ಅಲ್ಲೂ ಹಸಿರು ಏರಿದರೆ ಬೇರೊಂದು ಫಾಸ್ಫಟೇಸ್ ನುಸುಳಿದೆ ಎಂದು ಅನುಮಾನಿಸಿ. ಆ ಬ್ಯಾಚ್ ಅನ್ನು ನಾವಾದರೆ ವಾಪಸ್ ಕಳಿಸುತ್ತೇವೆ. ಜೆಲ್‌ನಲ್ಲಿ ಪಟ್ಟಿ ಲೆಕ್ಕಕ್ಕಿಂತ ಎಷ್ಟೋ ಮೇಲೆ, ಹರಡಿಕೊಂಡು ಕಂಡರೆ ಗಾಬರಿ ಬೇಡ, ಅದು ಮೈತುಂಬ ಇರುವ ಸಕ್ಕರೆಯ ಸರಪಳಿ. ಆ ಸರಪಳಿ ಕತ್ತರಿಸುವ ಪಿಎನ್‌ಜೇಸ್ ಎಫ್ ಕಿಣ್ವ ಹಾಕಿದರೆ ಪಟ್ಟಿ ಕೆಳಗಿಳಿಯುತ್ತದೆ.

ಕೊರತೆಯೂ ಇದೆ. ಪೊರೆಯ ತುದಿಗಳು ಕಿಣ್ವದ ವೇಗವನ್ನೇ ಬದಲಿಸುವುದರಿಂದ, ಇಲ್ಲಿ ಕೆಲಸ ಮಾಡಿದ ತಡೆಗಾರ ಕೋಶದ ಮೇಲೂ ಹಾಗೇ ನಡೆದೀತೆಂದು ನಂಬುವಂತಿಲ್ಲ. ಸಿಡಿ39 ಇರುವ ಕೋಶಗಳಲ್ಲಿ ಮತ್ತೆ ನೋಡಲೇಬೇಕು. ಕೋಶಗಳಿಗೇ ಹಾಕುವವರು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಅಂಕಿ ಇಲ್ಲದ ವಯಲ್ ಮುಟ್ಟದಿರುವುದು ಒಳ್ಳೆಯದು.

ವಯಲ್ ಬಂದ ದಿನವೇ ಮುಚ್ಚಳಕ್ಕೆ ಅಂಟಿದ ಹನಿ ಇಳಿಯುವಂತೆ ಒಮ್ಮೆ ತಿರುಗಿಸಿ, 1 ಮೈಕ್ರೋಗ್ರಾಂನ ಪಾಲುಗಳಾಗಿ ಹಂಚಿ, ಮೈನಸ್ 80ರಲ್ಲಿಡಿ. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.