ಡಾಕ್ಸಿಸೈಕ್ಲಿನ್‌ಗೆ ಸ್ಪಂದಿಸುವ ಲೆಂಟಿವೈರಸ್ ಕಿಟ್: ಒಂದು ವಿಮರ್ಶೆ

ಮಾನವ ಜೀವಕೋಶಗಳಲ್ಲಿ ಬೇಕಾದಾಗ ಮಾತ್ರ ಜೀನ್ ಚಾಲೂ ಆಗಲೆಂದು ನಾವು ತರಿಸಿಕೊಂಡ ಈ ಟೆಟ್-ಆನ್ ಕಿಟ್ (ಟೆಟ್ರಾಸೈಕ್ಲಿನ್ ಗುಂಪಿನ ಪ್ರತಿಜೀವಕವಾದ ಡಾಕ್ಸಿಸೈಕ್ಲಿನ್ ಕೊಟ್ಟಾಗ ಜೀನ್ ಚಾಲೂ ಆಗುವಂಥದ್ದು), 1992ರಲ್ಲಿ ಗೋಸೆನ್ ಮತ್ತು ಬುಯಾರ್ಡ್ ಪ್ರಕಟಿಸಿದ ಟೆಟ್ರಾಸೈಕ್ಲಿನ್ ನಿಯಂತ್ರಣ ವ್ಯವಸ್ಥೆಯ ಮುಂದುವರಿದ ರೂಪ. ನಿಯಂತ್ರಕ ಪ್ರೋಟೀನ್ ಹಾಗೂ ಅದು ಚಾಲನೆಗೊಳಿಸುವ ಪ್ರಮೋಟರ್ (ಜೀನ್ ಚಾಲೂ ಮಾಡುವ ಡಿಎನ್‌ಎ ಭಾಗ) ಎರಡೂ, ಜೀನ್ ಅನ್ನು ಕೋಶದೊಳಗೆ ಒಯ್ಯುವ ಒಂದೇ ಲೆಂಟಿವೈರಸ್ ವಾಹಕದಲ್ಲಿರುವುದು ದೊಡ್ಡ ಅನುಕೂಲ.

ಕೋಶಗಳನ್ನು ಬೆಳೆಸುವ ದ್ರವ ಮಾಧ್ಯಮಕ್ಕೆ ಡಾಕ್ಸಿಸೈಕ್ಲಿನ್ ಹಾಕಿದ ಮರುದಿನ ಸೂಕ್ಷ್ಮದರ್ಶಕದಡಿ ಜೀನ್ ಚಾಲೂ ಆದುದರ ಗುರುತಾಗಿ ಬಹುತೇಕ ಕೋಶಗಳು ಹಸಿರಾಗಿ ಹೊಳೆದವು. ಆದರೆ ಔಷಧಿಯಿಲ್ಲದ ತಟ್ಟೆಯಲ್ಲೂ ಅಲ್ಲಲ್ಲಿ ಮಂದ ಹಸಿರು ಕಾಣಿಸಿತು. ಔಷಧಿಯಿಲ್ಲದೆಯೂ ಜೀನ್ ಚಾಲೂ ಆಗುವ ಈ ಸೋರಿಕೆಗೆ ವಾಹಕವೊಂದನ್ನೇ ದೂರುವಂತಿಲ್ಲ: ಜಾನುವಾರುಗಳಿಗೆ ಟೆಟ್ರಾಸೈಕ್ಲಿನ್ ಕೊಡುವ ರೂಢಿಯಿರುವುದರಿಂದ ಮಾಧ್ಯಮಕ್ಕೆ ಬೆರೆಸುವ ಗೋಭ್ರೂಣದ ಸೀರಮ್‌ನಲ್ಲಿ ಅದರ ಶೇಷ ಉಳಿದಿರಬಹುದು, ಒಂದೇ ಕೋಶದೊಳಗೆ ವಾಹಕದ ಹಲವು ಪ್ರತಿಗಳು ಸೇರಿಕೊಂಡರೂ ಹೀಗಾಗುತ್ತದೆ. ಟೆಟ್ರಾಸೈಕ್ಲಿನ್‌ರಹಿತ ಸೀರಮ್ ಬಳಸಿ, ವೈರಸ್ ಪ್ರಮಾಣವನ್ನೂ ಇಳಿಸಿದಾಗ ಸೋರಿಕೆ ಬಹಳಷ್ಟು ತಗ್ಗಿತು. ಇದನ್ನು ಕೈಪಿಡಿಯ ಮೊದಲ ಪುಟದಲ್ಲೇ ಹೇಳಬೇಕಿತ್ತು.

ಡಾಕ್ಸಿಸೈಕ್ಲಿನ್ ಪ್ರಮಾಣ ಮಾಧ್ಯಮದಲ್ಲಿ ಸುಮಾರು 24 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ ಎರಡು ದಿನಕ್ಕೊಮ್ಮೆ ಹೊಸದಾಗಿ ಸೇರಿಸಬೇಕು. ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಕುರಿತು ಪ್ರಯೋಗ ಮಾಡುವವರು ಮಾತ್ರ ಖರೀದಿಗೆ ಮುನ್ನ ಯೋಚಿಸುವುದು ಒಳ್ಳೆಯದು, ಏಕೆಂದರೆ ಈ ಔಷಧಿಯೇ ಅಲ್ಲಿನ ಪ್ರೋಟೀನ್ ತಯಾರಿಕೆಗೆ ಅಡ್ಡಿಪಡಿಸಬಲ್ಲದು. ವಾಹಕ ಸೇರಿಸದ ಕೋಶಗಳಿಗೂ ಅಷ್ಟೇ ಔಷಧಿ ಕೊಟ್ಟು ಹೋಲಿಸದೆ ಫಲಿತಾಂಶವನ್ನು ನಂಬುವಂತಿಲ್ಲ.